ಪ್ರಜಿತ್ ಏರ್ಪಡಿಸಿದ ಸಾಫ್ಟ್‌ಬಾಲ್ ಆಟ

ಪ್ರಜಿತ್ ನಂಬಿಕೆಗೆ ಯೋಗ್ಯನಾದ ಮನುಷ್ಯನಲ್ಲ. ಅವನನ್ನು ಒಳ್ಳೆಯವನು ಎನ್ನುವವರು ವಯನಾಡಿನ ಪುಲ್ಪಳ್ಳಿ ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ; ಅವರೆಲ್ಲ ಅವನಿಂದ ಒಂದು ಕೆಲಸವನ್ನೂ ಮಾಡಿಸಿಕೊಳ್ಳದವರು. ಮಾಡಿಸಿಕೊಂಡವರಿಗೆ ಗೊತ್ತು. ಅವನು ಕುಡಿಯುವುದಿಲ್ಲ, ಕದಿಯುವುದಿಲ್ಲ, ಯಾರ ಮೇಲೂ ದನಿ ಎತ್ತುವುದಿಲ್ಲ. ಆದರೆ ಎದುರಿಗೆ ನಿಂತವನ ಮುಖ ಸಪ್ಪಗಾಗುವುದನ್ನು ನೋಡುವ ಧೈರ್ಯ ಅವನಿಗಿಲ್ಲ. ಹಾಗಾಗಿ ಕೇಳಿದ್ದಕ್ಕೆಲ್ಲ ಮಲಯಾಳದ 'ಶರಿ' ಎಂದುಬಿಡುತ್ತಾನೆ. ಇದನ್ನು ದಾಕ್ಷಿಣ್ಯ ಎಂದು ಕರೆಯುವುದು ವಾಡಿಕೆ. ಹೇಡಿತನ ಎಂದರೆ ಸರಿಯಾದೀತು.

ಬಸ್ ಸ್ಟ್ಯಾಂಡಿನ ಹಿಂದಿನ ಇಳಿಜಾರಿನಲ್ಲಿ ಅವನದು ನೀರಿನ ಮೋಟರ್ ರಿಪೇರಿಯ ಅಂಗಡಿ. ಒಳಗೆ ಕಾಲಿಡಲು ಜಾಗವಿಲ್ಲ. ಸುಟ್ಟ ಮೋಟರುಗಳು ಒಂದರ ಪಕ್ಕ ಒಂದು ಕೂತಿವೆ, ಒಂದೊಂದರ ಮೈಮೇಲೂ ಸೀಮೆಸುಣ್ಣದಲ್ಲಿ ಯಜಮಾನನ ಹೆಸರು. ಆ ಹೆಸರಿನವರಿಗೆಲ್ಲ ನಾಳೆ ಎಂದು ಹೇಳಿಯಾಗಿದೆ. ಕೈ ಕೆಟ್ಟದ್ದಲ್ಲ. ತಾಮ್ರದ ತಂತಿ ಸುತ್ತಲು ಕೂತರೆ ಅವನಷ್ಟು ಅಚ್ಚುಕಟ್ಟಾಗಿ ಸುತ್ತುವವರು ಆಚೆಯ ಮೀನಂಗಡಿ ಪೇಟೆಯವರೆಗೆ ಹುಡುಕಿದರೂ ಸಿಗುವುದಿಲ್ಲ. ಆದರೆ ಒಂದನ್ನು ಬಿಚ್ಚಿ ಕೂತಾಗ ಇನ್ನೊಬ್ಬ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಅವನಿಗೂ ಶರಿ ಎಂದು, ಬಿಚ್ಚಿದ್ದನ್ನು ಅಲ್ಲೇ ಬಿಟ್ಟು ಅವನದನ್ನು ಬಿಚ್ಚುತ್ತಾನೆ. ಹೆಂಡತಿ ಶ್ಯಾಮಳ ಇದನ್ನು ಹದಿಮೂರು ವರ್ಷದಿಂದ ನೋಡುತ್ತಿದ್ದಾಳೆ. "ನಮ್ಮ ಮದುವೆಗೂ ಇವರು ಹೀಗೇ ಶರಿ ಅಂದಿರ್ಬೇಕು," ಎನ್ನುತ್ತಾಳೆ. "ಕೇಳಿದವರು ಯಾರೋ, ಗಂಟುಬಿದ್ದದ್ದು ನಾನು."

ಪ್ರಜಿತ್‌ನ ಅಜ್ಜಂದಿರು ಗಡಿಯಾಚೆ ಕರ್ನಾಟಕದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿಕೊಂಡ ಗೌಡರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ, ಪೇಟೆಯಲ್ಲಿ, ಪಂಚಾಯತಿನಲ್ಲಿ ಮಲಯಾಳ. ಶಾಲೆಯಲ್ಲಿ ಅವನ ಕನ್ನಡಕ್ಕೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದ ಹುಡುಗ ಒಬ್ಬನೇ, ಕಾಡಂಚಿನ ಆದಿವಾಸಿ ಕಾಲೋನಿಯ ಮಣಿಕಂಠನ್. ಕಾಡುನಾಯ್ಕರ ಮನೆಮಾತು ಗೌಡರ ಮನೆಯ ಕನ್ನಡವಲ್ಲ. ಆದರೂ ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗುವಷ್ಟು ಹತ್ತಿರದ್ದು. ಅವರ ಸ್ನೇಹ ಬೆಳೆದದ್ದು ಈ ಕಾರಣಕ್ಕೆ. ಅದು ಗಟ್ಟಿಯಾದದ್ದು ಸಾಫ್ಟ್‌ಬಾಲ್‌ನಿಂದ.

ಪುಲ್ಪಳ್ಳಿಯಲ್ಲಿ ಸಾಫ್ಟ್‌ಬಾಲ್ ಎಲ್ಲಿಂದ ಬಂತು ಎಂದು ಹೊರಗಿನವರು ಕೇಳಬಹುದು. ಪರೀಕ್ಷೆಯಿಂದ ಬಂತು. ರಾಜ್ಯಮಟ್ಟದಲ್ಲಿ ಆಡಿದ ಮಕ್ಕಳಿಗೆ ಪರೀಕ್ಷೆಯಲ್ಲಿ ಗ್ರೇಸ್ ಮಾರ್ಕು ಸಿಗುತ್ತಿತ್ತು. ಫುಟ್‌ಬಾಲಿಗೆ ನಿಂತರೆ ಜಿಲ್ಲೆಯ ಅರ್ಧ ಹುಡುಗರು ಸಾಲಿನಲ್ಲಿರುತ್ತಿದ್ದರು. ಸಾಫ್ಟ್‌ಬಾಲಿಗೆ ಯಾರೂ ಇಲ್ಲ. ಇದನ್ನು ಕಂಡುಹಿಡಿದ ಡ್ರಿಲ್ ಮಾಷ್, ಎಂದರೆ ಮೇಷ್ಟರು, ಒಂದು ಹಳೆಯ ಕಿಟ್ ತರಿಸಿ, ಓದಿನಲ್ಲಿ ಹಿಂದೆ ಬಿದ್ದ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಕ್ರಿಕೆಟ್ಟಿನದಕ್ಕಿಂತ ದಪ್ಪನೆಯ ಚೆಂಡು. ಎಸೆಯುವವನು ತೋಳನ್ನು ಭುಜದಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಬಿಡಬೇಕು; ಬ್ಯಾಟ್ ಹಿಡಿದವನ ಹಿಂದೆ ಕುಕ್ಕರುಗಾಲಿನಲ್ಲಿ ಕೂತವನು ಹಿಡಿಯಬೇಕು; ಹೊಡೆದವನು ನಾಲ್ಕು ಮೂಲೆ ಸುತ್ತಿ ಬರಬೇಕು. ಮಣಿಕಂಠನ್ ಎಸೆದ, ಪ್ರಜಿತ್ ಹಿಡಿದ. ಉಳಿದ ತಂಡಗಳಲ್ಲಿ ಬೆರಳಿನ ಸನ್ನೆ. ಇವರಿಗೆ ಅದರ ಅಗತ್ಯವಿರಲಿಲ್ಲ. "ಒಳಗೆ ಬಿಡು", "ಮಂಡಿಗೆ ಬಿಡು" ಎಂದು ಪ್ರಜಿತ್ ಎಲ್ಲರ ಎದುರೇ ಕನ್ನಡದಲ್ಲಿ ಕೂಗುತ್ತಿದ್ದ, ಕಣ್ಣೂರು ಕಡೆಯ ಹುಡುಗರು ಬ್ಯಾಟ್ ಹಿಡಿದು ಪಿಳಿಪಿಳಿ ನೋಡುತ್ತಿದ್ದರು. ಎರಡು ವರ್ಷ ರಾಜ್ಯಮಟ್ಟ ಆಡಿದರು. ಮಾರ್ಕು ಸಿಕ್ಕಿತು, ಎಲ್ಲರೂ ಪಾಸಾದರು, ಆಟವನ್ನು ಮರೆತರು.

ಅದಾಗಿ ಇಪ್ಪತ್ತೊಂದು ವರ್ಷ. ಈ ಫೆಬ್ರವರಿಯ ಒಂದು ಮಂಗಳವಾರ ಮಣಿಕಂಠನ್ ಅಂಗಡಿಯ ಬಾಗಿಲಲ್ಲಿ ನಿಂತ.

"ಬಾ ಮಣೀ. ಯಾರ ಮೋಟರು?"

"ಯಾರದೂ ಅಲ್ಲ. ನಂಗೊಂದು ಆಟ ಬೇಕು."

"ಏನು ಆಟ?"

"ಸಾಫ್ಟ್‌ಬಾಲ್. ಈ ಭಾನುವಾರ. ಹಳೇ ಹುಡುಗ್ರನ್ನ ಕೂಡ್ಸು."

ಪ್ರಜಿತ್ ನಕ್ಕ. ಮಣಿಕಂಠನ್ ನಗಲಿಲ್ಲ. ಅವನು ಸುಮ್ಮನೆ ಮಾತಾಡುವವನಲ್ಲ, ಸುಮ್ಮನೆ ಪೇಟೆಗೆ ಬರುವವನೂ ಅಲ್ಲ. ಒಂದು ಮೋಟರಿನ ಮೇಲೆ ಕೂತು ವಿಷಯ ಹೇಳಿದ. ಮೀನಂಗಡಿಯಿಂದ ಆಚೆ ಒಂದು ವಸತಿ ಶಾಲೆಯಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ತಂಡವಿದೆ. ಅಭ್ಯಾಸಕ್ಕೆ ಚೆಂಡು ಎಸೆಯಲು ಆಳು ಬೇಕಂತೆ. ಹಳೆಯ ಆಟಗಾರನಾಗಿರಬೇಕು, ರಾಜ್ಯಮಟ್ಟದ ಸರ್ಟಿಫಿಕೇಟ್ ಇರಬೇಕು, ದಿನಕ್ಕೆ ನೂರು ಚೆಂಡು ಎಸೆಯಬೇಕು. ಮುಂದಿನ ವಾರ ಬುಧವಾರದಿಂದ ಮೂರು ದಿನ ಎಸೆಸಿ ನೋಡುತ್ತಾರೆ. ಸರ್ಟಿಫಿಕೇಟ್ ಅವನಲ್ಲಿತ್ತು. ತೋಳಿನದೇ ಅನುಮಾನ. ಎರಡು ವರ್ಷದ ಹಿಂದೆ ಮೆಣಸು ಕೊಯ್ಯುವಾಗ ಒಂಟಿ ಬಿದಿರಿನ ಏಣಿ ಜಾರಿ ಬಲಭುಜದ ಮೇಲೆ ಬಿದ್ದಿದ್ದ. ಆಮೇಲೆ ಮರ ಹತ್ತುವುದನ್ನು ಬಿಟ್ಟು ಒಂದು ಕಾಫಿ ಎಸ್ಟೇಟಿನಲ್ಲಿ ಕಾವಲಿಗೆ ಸೇರಿದ್ದ.

"ಬುಧವಾರ ಹೋಗ್ಬೇಕು ಅಂದ್ರೆ ಮೂರು ದಿನ ರಜೆ ಹಾಕ್ಬೇಕು," ಎಂದ ಮಣಿಕಂಠನ್. "ಕೊಯ್ಲಿನ ಹೊತ್ತು. ಕಣದಲ್ಲಿ ಕಾಫಿ ಹರಡಿದೆ. ಈಗ ರಜೆ ಹಾಕಿದ್ರೆ ಲೆಕ್ಕ ಬರೆಯೋ ರೈಟರು ಬೇರೆಯವನನ್ನ ಕೂರಿಸ್ತಾನೆ, ಮತ್ತೆ ನನ್ನನ್ನ ಗೇಟಿನೊಳಗೆ ಬಿಡಲ್ಲ. ಅಲ್ಲಿ ಸಿಕ್ಕಿದ್ರೆ ಸರಿ. ಅಲ್ಲೂ ಸಿಗದೆ ಇಲ್ಲೂ ಹೋದ್ರೆ?"

"ಸಿಗತ್ತೆ ಬಿಡೋ. ನಿನ್ನ ಕೈ—"

"ನೋಡಿದ್ಯಾ ನೀನು? ನೋಡ್ದೆ ಹೇಳ್ಬೇಡ. ಕಾಲೋನಿಯಲ್ಲಿ ಎಲ್ರೂ ಅದೇ ಹೇಳ್ತಾರೆ. ಗೋಡೆಗೆ ಎಸೆದ್ರೆ ಗೋಡೆನೂ ಚೆನ್ನಾಗಿದೆ ಅಂತದೆ. ಬ್ಯಾಟ್ ಹಿಡ್ಕೊಂಡು ಒಬ್ಬ ನಿಲ್ಬೇಕು, ಹಿಂದೆ ನೀನು ಕೂರ್ಬೇಕು. ನನ್ನ ಚೆಂಡು ಗೊತ್ತಿರೋದು ನಿಂಗೊಬ್ಬನಿಗೇ. ಹೋಗು ಅಂದ್ರೆ ಹೋಗ್ತೀನಿ, ಬೇಡ ಅಂದ್ರೆ ಇಲ್ಲ."

"ಶರಿ."

"ಬುಧವಾರದ್ದು ಯಾರಿಗೂ ಹೇಳ್ಬೇಡ. ಹೇಳಿದ್ರೆ ಪಾಪ ಅಂತ ಬೇಕಂತಲೇ ಔಟಾಗ್ತಾರೆ."

"ಶರಿ," ಎಂದ ಪ್ರಜಿತ್ ಇನ್ನೊಮ್ಮೆ.

ಇಡೀ ಪೇಟೆಯಲ್ಲಿ ನಿಜ ಹೇಳಲು ತೀರ ಅಸಮರ್ಥನಾದವನನ್ನೇ ಮಣಿಕಂಠನ್ ತೀರ್ಪುಗಾರನನ್ನಾಗಿ ಆರಿಸಿಕೊಂಡಿದ್ದ. ಅದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಬೇರೆ ದಾರಿ ಇರಲಿಲ್ಲ.

ಆ ಸಂಜೆಯೇ ಪ್ರಜಿತ್ ಹಳೆಯ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಬರೆದ: ಈ ಭಾನುವಾರ ಬೆಳಿಗ್ಗೆ ಸಾಫ್ಟ್‌ಬಾಲ್, ಎಲ್ಲರೂ ಬನ್ನಿ. ಒಂದು ಗಂಟೆಯೊಳಗೆ ಹದಿನಾಲ್ಕು ಹೆಬ್ಬೆರಳುಗಳು ಬಂದವು. ನಲವತ್ತು ಸಮೀಪಿಸಿದ ಗಂಡಸರಿಗೆ ಮೊಬೈಲಿನಲ್ಲಿ ಹೆಬ್ಬೆರಳು ಎತ್ತುವುದು ಸುಲಭ. ಆಮೇಲೆ ಒಬ್ಬೊಬ್ಬರದೇ ಫೋನು ಶುರುವಾಯಿತು.

ಮೊದಲು ದಾಮೋದರನ್. ಮೂರನೆಯ ಮೂಲೆ ಕಾಯುತ್ತಿದ್ದವನು, ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. "ಎಡಾ, ಎಂಟಕ್ಕೇ ಶುರು ಮಾಡು. ನಾವು ಐದು ಜನ ಹತ್ತಕ್ಕೆ ಮೀನಂಗಡಿಯಲ್ಲಿ ಗೃಹಪ್ರವೇಶಕ್ಕೆ ಹೋಗ್ಬೇಕು."

"ಶರಿ, ಎಂಟಕ್ಕೆ."

ಆಮೇಲೆ ಆಟೋ ಓಡಿಸುವ ಬಿನು. ಶಾಲೆಯಲ್ಲಿ ಪ್ರಜಿತ್‌ನ ಪಕ್ಕ ಕೂತು ಬೈಗುಳಕ್ಕೆ ಬೇಕಾಗುವಷ್ಟು ಕನ್ನಡ ಕಲಿತವನು. "ಗೌಡಾ, ಹನ್ನೊಂದಕ್ಕೆ ಇಡು. ಚರ್ಚಿನ ಕುರ್ಬಾನ ಬಿಟ್ಟು ಬಂದ್ರೆ ಅಮ್ಮ ಮನೆಗೆ ಸೇರಿಸಲ್ಲ. ಪಳ್ಳಿಯಿಂದ ಇನ್ನೂ ಆರು ಜನಾನ ಹೊತ್ಕೊಂಡು ಬರ್ತೀನಿ."

"ಶರಿ, ಹನ್ನೊಂದಕ್ಕೆ."

ಎಂಟರವರನ್ನು ಹೇಗಾದರೂ ಹನ್ನೊಂದರವರೆಗೆ ಹಿಡಿದಿಡಬಹುದು ಎಂದು ಅವನು ಅಂದುಕೊಂಡ. ಹೇಗೆ ಎಂದು ಅಂದುಕೊಳ್ಳಲಿಲ್ಲ.

ಕಿಟ್ ಇದ್ದದ್ದು ಶಾಲೆಯ ಈಗಿನ ಡ್ರಿಲ್ ಟೀಚರ್ ಕಾರ್ತ್ಯಾಯಿನಿಯ ಬಳಿ. ಅವರ ಮನೆಯ ಬಾವಿಯ ಮೋಟರ್ ಪ್ರಜಿತ್‌ನ ಅಂಗಡಿಯಲ್ಲಿ ಓಣಂನಿಂದ ಕೂತಿತ್ತು. "ಎರಡು ಚೆಂಡು, ಒಂದು ಬ್ಯಾಟು, ನಾಲ್ಕು ಗ್ಲೌಸು," ಎಂದು ಎಣಿಸಿ ಕೊಟ್ಟರು. "ಭಾನುವಾರ ಒಂದು ಗಂಟೆಗೆ ಇಲ್ಲಿರಬೇಕು. ನಿನ್ನ ಮಾತಿನ ಮೇಲೆ ಕೊಡ್ತಿಲ್ಲ, ತಿಳ್ಕೋ. ಶ್ಯಾಮಳಂಗೆ ಫೋನ್ ಮಾಡಿ ಕೇಳಿದ್ದೀನಿ." ಶ್ಯಾಮಳ ತಂದುಕೊಡುತ್ತಾಳೆಂದು ಟೀಚರಿಗೆ ನಂಬಿಕೆ. ಊರಿಗೆಲ್ಲ ಇದೇ ನಂಬಿಕೆ.

ಇನ್ನು ಮೈದಾನ. ಶಾಲೆಯ ಮೈದಾನದಲ್ಲಿ ಭಾನುವಾರ ಫುಟ್‌ಬಾಲ್ ಪಂದ್ಯವಿತ್ತು. ಪ್ರಜಿತ್‌ಗೆ ನೆನಪಾದದ್ದು ಬಾಲಕೃಷ್ಣನ್ ಅವರ ವಯಲು, ಎಂದರೆ ಹೊಳೆ ಪಕ್ಕದ ತಗ್ಗಿನ ಗದ್ದೆ. ಭತ್ತ ಕೊಯ್ದಾಗಿ ತಿಂಗಳ ಮೇಲಾಗಿತ್ತು. ನೆಲ ಒಣಗಿ ಗಟ್ಟಿಯಾಗಿತ್ತು, ಕೂಳೆಯನ್ನು ದನ ಮೇದು ನುಣ್ಣಗೆ ಮಾಡಿದ್ದವು. ಬಾಲಕೃಷ್ಣನ್ ದೂರದ ಸಂಬಂಧ; ಪ್ರಜಿತ್ ಅವರನ್ನು ಮಾವ ಎನ್ನುತ್ತಾನೆ.

"ಆಡ್ಕೊಳ್ಳಿ," ಎಂದರು ಮಾವ. "ನೀರೇ ಇಲ್ಲವಲ್ಲ, ಇನ್ನೇನು ಬೆಳೀಲಿ ಅದರಲ್ಲಿ. ನನ್ನ ಮೋಟರ್ ನಿನ್ನಂಗಡಿಗೆ ಬಂದು ಮೂರು ವಾರ ಆಯ್ತು."

ಈ ಮಾತು ಪ್ರಜಿತ್‌ಗೆ ಚುಚ್ಚಿತು. ಗದ್ದೆ ಕೊಟ್ಟವರ ಋಣ ಇಟ್ಟುಕೊಳ್ಳಬಾರದೆಂದು ಗುರುವಾರ, ಶುಕ್ರವಾರ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು ಕೂತ. ಯಾರು ಕೂಗಿದರೂ ಏಳಲಿಲ್ಲ. ಹಳೆಯ ತಂತಿಯನ್ನೆಲ್ಲ ಕಿತ್ತು ಹೊಸದಾಗಿ ಸುತ್ತಿದ, ಬೇರಿಂಗ್ ಬದಲಿಸಿದ, ವಾರ್ನಿಷ್ ಹೊಡೆದು ಒಣಗಿಸಿದ. ಶುಕ್ರವಾರ ಸಂಜೆ ತಾನಾಗಿಯೇ ಮಾವನಿಗೆ ಫೋನ್ ಮಾಡಿದ. ಒಪ್ಪಿಕೊಂಡ ಕೆಲಸವನ್ನು ಅವನು ಹೀಗೆ ಕೂತು ಮುಗಿಸಿದ್ದು ಆ ವರ್ಷದಲ್ಲಿ ಅದೊಂದೇ ಇರಬೇಕು.

"ಏನಪ್ಪಾ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು!" ಮಾವ ಆಟೋದಲ್ಲಿ ಬಂದು ಮೋಟರನ್ನು ಎತ್ತಿಸಿಕೊಂಡರು. ಹೊರಡುವಾಗ ತಿರುಗಿ ಕೇಳಿದರು: "ಹಂಗಾದ್ರೆ ನಾಳೆನೇ ನೀರು ಬಿಟ್ಟುಬಿಡ್ಲಾ? ಪುಂಜಕ್ಕೆ ಆಗಲೇ ತಡವಾಯ್ತು. ಅಗೆ ಬಲೀತಾ ಇದೆ."

ಪುಂಜ ಎಂದರೆ ಎರಡನೆಯ ಭತ್ತ. ಅದಕ್ಕೆ ಗದ್ದೆಯಲ್ಲಿ ನೀರು ನಿಲ್ಲಬೇಕು. ನಾಳೆ ಎಂದರೆ ಶನಿವಾರ. 'ಸೋಮವಾರ ಬಿಡಿ ಮಾವ, ಭಾನುವಾರ ಆಟ ಇದೆ' ಎಂದು ಹೇಳಲು ಆರು ಪದ ಸಾಕು. ಆದರೆ ಮಾವ ಆಗಲೇ ಮೂರು ವಾರ ಕಾದಿದ್ದರು, ಅದೂ ಇವನಿಂದಾಗಿ. ಇನ್ನೂ ಎರಡು ದಿನ ಕಾಯಿರಿ ಎಂದರೆ ಆ ಮುಖ ಏನಾಗಬಹುದು? ಮೇಲಿನ ಎರಡು ಗದ್ದೆ ತುಂಬಿ ನೀರು ತಗ್ಗಿಗೆ ಇಳಿಯುವಷ್ಟರಲ್ಲಿ ಭಾನುವಾರ ಮಧ್ಯಾಹ್ನವಾಗುತ್ತದೆ ಎಂದು ಅವನು ಲೆಕ್ಕ ಹಾಕಿದ.

"ಶರಿ ಮಾವ. ಬಿಡಿ."

ಮೋಟರ್ ಹಿಂದಿನ ಹಾಗೆ ತಡವರಿಸುತ್ತಿದ್ದರೆ ಲೆಕ್ಕ ತಪ್ಪುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಪ್ರಜಿತ್ ಕಿಟ್ ಹೊತ್ತು ಗದ್ದೆಯ ಬದುವಿಗೆ ಬಂದ. ತಗ್ಗಿನ ಗದ್ದೆಯ ತುಂಬ ನೀರು. ಕಾಲಿನ ಗಿಣ್ಣಿನವರೆಗೆ ಮುಳುಗುವಷ್ಟು, ಕನ್ನಡಿಯ ಹಾಗೆ. ನಾಲ್ಕೈದು ಬೆಳ್ಳಕ್ಕಿಗಳು ಹುಳ ಹೆಕ್ಕುತ್ತಿದ್ದವು. ದೂರದಲ್ಲಿ ಮೋಟರ್ ಒಂದಿಷ್ಟೂ ತಡವರಿಸದೆ ಓಡುತ್ತಿರುವ ಸದ್ದು. ಮಣಿಕಂಠನ್ ಮೊದಲ ಬಸ್ಸಿಗೇ ಬಂದು ಬದುವಿನ ಮೇಲೆ ಕೂತಿದ್ದ. ಬಿಳಿ ಕ್ಯಾನ್ವಾಸ್ ಶೂ ಹಾಕಿದ್ದ. ಅದನ್ನು ತೊಳೆದು ಸುಣ್ಣ ಬಳಿದದ್ದು ಕಾಣುತ್ತಿತ್ತು.

"ಮಾವನಿಗೆ ನೀನು ಹೇಳಿರ್ಲಿಲ್ವಾ?" ಎಂದು ಕೇಳಿದ.

"ಹೇಳಿದ್ದೆ."

"ಏನಂತ?"

ಪ್ರಜಿತ್ ಕಿಟ್ಟನ್ನು ಬದುವಿನ ಮೇಲಿಳಿಸಿ ನೀರಿಗೆ ಬೆನ್ನು ಹಾಕಿ ನಿಂತ.

ಎಂಟಕ್ಕೆ ದಾಮೋದರನ್ ಮತ್ತವನ ನಾಲ್ವರು ಇಸ್ತ್ರಿ ಹಾಕಿದ ಮುಂಡು ಉಟ್ಟು, ಆಟದ ಚಡ್ಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬಂದರು. ಬದುವಿನ ಮೇಲೆ ಸಾಲಾಗಿ ನಿಂತು ನೀರನ್ನು ನೋಡಿದರು.

"ಈಜುವ ಸ್ಪರ್ಧೆ ಅಂತ ಮೊದಲೇ ಬರೆದಿದ್ರೆ ಟವೆಲ್ ತರ್ತಿದ್ವಲ್ಲೋ," ಎಂದ ದಾಮೋದರನ್.

"ಇಲ್ಲ, ಬೇರೆ ಜಾಗ ನೋಡ್ತೀನಿ. ಹತ್ತೇ ನಿಮಿಷ."

"ಉಳಿದವರೆಲ್ಲಿ?"

"ಬರ್ತಾರೆ."

"ಯಾವಾಗ?"

"ಹನ್ನೊಂದಕ್ಕೆ," ಎಂದ ಪ್ರಜಿತ್, ಸಣ್ಣ ದನಿಯಲ್ಲಿ.

ದಾಮೋದರನ್ ಅವನ ಬೆನ್ನು ತಟ್ಟಿದ. ಬೈದಿದ್ದರೆ ವಾಸಿಯಿತ್ತು. "ಎಡಾ ಪ್ರಜಿತೇ, ನಿನ್ನನ್ನ ನಂಬಿ ಎದ್ದು ಬಂದೆವಲ್ಲ, ನಮಗೆ ಹೇಳ್ಬೇಕು." ಒಂಬತ್ತಕ್ಕೆ ಐದೂ ಜನ ಚಡ್ಡಿಯ ಚೀಲ ಬೀಸಿಕೊಂಡು ಗೃಹಪ್ರವೇಶಕ್ಕೆ ಹೊರಟುಹೋದರು.

ಪ್ರಜಿತ್ ಸ್ಕೂಟರಿನಲ್ಲಿ ಮಣಿಕಂಠನ್‌ನನ್ನು ಹಿಂದೆ ಕೂರಿಸಿಕೊಂಡು ಮೈದಾನ ಹುಡುಕಲು ಹೊರಟ. ಶಾಲೆಯಲ್ಲಿ ಫುಟ್‌ಬಾಲಿನ ಶಿಳ್ಳೆ. ಪಳ್ಳಿಯ ಅಂಗಳದಲ್ಲಿ ಕಾರುಗಳು. ಗ್ರಂಥಾಲಯದ ಹಿಂದಿನ ಬಯಲಿನಲ್ಲಿ ಕಾಫಿ. ವೈದ್ಯರ ಮನೆಯ ಎದುರಿನ ಬಯಲಿನಲ್ಲಿ ಕಾಫಿ. ವಯನಾಡಿನಲ್ಲಿ ಸಮತಟ್ಟಾದ ನೆಲವೇ ಕಡಿಮೆ. ಫೆಬ್ರವರಿಯಲ್ಲಿ ಇರುವಷ್ಟರ ಮೇಲೂ ಯಾರಾದರೂ ಟಾರ್ಪಾಲು ಹಾಸಿ ಕಾಫಿ ಒಣಹಾಕಿರುತ್ತಾರೆ. ಇಲ್ಲಿ ಹುಟ್ಟಿ ಬೆಳೆದವನು ಈ ತಿಂಗಳಲ್ಲಿ ಬಯಲು ಹುಡುಕುತ್ತ ತಿರುಗಬಾರದು. ಪ್ರತಿ ತಿರುವಿನಲ್ಲೂ ಪ್ರಜಿತ್ "ಇನ್ನೊಂದು ಜಾಗ ಇದೆ" ಎನ್ನುತ್ತಿದ್ದ. ಹಿಂದೆ ಕೂತವನು ಎಡಗೈಯಿಂದ ಬಲಭುಜವನ್ನು ನಿಧಾನವಾಗಿ ತಿಕ್ಕಿಕೊಳ್ಳುತ್ತಿರುವುದು ಸ್ಕೂಟರಿನ ಕನ್ನಡಿಯಲ್ಲಿ ಕಾಣುತ್ತಿತ್ತು. ಪ್ರಜಿತ್ ಕನ್ನಡಿಯನ್ನು ಬೇರೆ ಕಡೆಗೆ ತಿರುಗಿಸಿದ.

ಹನ್ನೊಂದೂವರೆಗೆ, ಇಬ್ಬರೂ ಬದುವಿಗೆ ವಾಪಸಾದ ಮೇಲೆ, ಬಿನುವಿನ ಆಟೋ ಬಂತು. ಒಳಗಿನಿಂದ ಬಿನು ಒಬ್ಬನೇ ಇಳಿದ.

"ಆರು ಜನ ಎಲ್ಲೋ?"

"ಕುರ್ಬಾನ ಮುಗಿದ ಮೇಲೆ ಒಬ್ಬೊಬ್ಬನ ಹೆಂಡತಿಗೂ ಒಂದೊಂದು ಕೆಲಸ ನೆನಪಾಯ್ತು. ನಂಗೆ ಹೆಂಡತಿ ಇಲ್ಲದ್ದಕ್ಕೆ ಬಂದೆ. ನಿನ್ನ ಹದಿನಾಲ್ಕು ಎಲ್ಲಿ?"

ಪ್ರಜಿತ್ ಕೈ ಚೆಲ್ಲಿದ. ಆಗ ಮಣಿಕಂಠನ್ ಮುಂದೆ ಬಂದು ನಿಂತ. "ಒಂಬತ್ತು ಜನ ಬೇಡ. ಒಬ್ಬ ಹೊಡೆಯೋನು, ಒಬ್ಬ ಹಿಡಿಯೋನು. ಹದಿನೈದು ಗಜ ಜಾಗ ಸಾಕು. ಇಲ್ಲ ಅಂದ್ರೆ ಹನ್ನೆರಡೂವರೆ ಬಸ್ಸಿಗೆ ಹೋಗ್ತೀನಿ."

ಹದಿನೈದು ಗಜದ ಸಮನೆಲ ಪ್ರಜಿತ್‌ಗೆ ಗೊತ್ತಿದ್ದದ್ದು ಒಂದೇ: ತನ್ನದೇ ಮನೆಯ ಕಣ. ಅದರ ತುಂಬ ಶ್ಯಾಮಳ ಹರಡಿದ ಕಾಫಿ. ಮೂವರು ಗೇಟಿನಲ್ಲಿ ನಿಂತಾಗ ಅವಳು ಮರದ ಹಲಗೆಯಿಂದ ಅದನ್ನು ಎಳೆಯುತ್ತಿದ್ದಳು.

"ಇದನ್ನೊಂದಿಷ್ಟು ಆಚೆ ಸರಿಸಬಹುದಾ?" ಎಂದ ಪ್ರಜಿತ್.

"ಮೂರು ದಿನದ ಬಿಸಿಲು ಬಿದ್ದಿದೆ. ಇವತ್ತೇ ನೀವು ತಿರುವಿ ಹಾಕ್ತೀನಿ ಅಂದಿದ್ರಿ, ನೆನಪಿದೆಯಾ?"

"ಶರಿ, ಬೇಡ ಬಿಡು," ಎಂದ ಪ್ರಜಿತ್.

ಅವನು ತಿರುಗಿಯೂ ಬಿಡುತ್ತಿದ್ದ. ಶ್ಯಾಮಳ ಮಣಿಕಂಠನ್‌ನ ಸುಣ್ಣ ಬಳಿದ ಶೂ ನೋಡಿದಳು. ಏನೆಂದುಕೊಂಡಳೋ, ಹಲಗೆಯನ್ನು ಅಡ್ಡ ಹಿಡಿದು ಕಾಫಿಯನ್ನು ಎರಡು ಬದಿಗೂ ನೂಕತೊಡಗಿದಳು. ಕಣದ ನಡುವೆ ಒಂದು ಓಣಿ ತೆರೆಯಿತು. "ಒಂದು ಬೀಜ ಆ ಕಡೆ ಚರಂಡಿಗೆ ಹಾರಿದ್ರೆ ಮೂರು ಜನಾನೂ ಆರಿಸಿಕೊಡ್ಬೇಕು," ಎಂದಳು. ಆಟದ ಕಾನೂನಿನಲ್ಲಿ ಆ ದಿನ ಪಾಲನೆಯಾದದ್ದು ಇದೊಂದೇ.

ಮಣಿಕಂಠನ್ ಓಣಿಯ ಆ ತುದಿಗೆ ನಿಂತ. ಬಿನು ಬ್ಯಾಟ್ ಹಿಡಿದು ಈ ತುದಿಗೆ. ಹಿಂದೆ ಪ್ರಜಿತ್ ಕುಕ್ಕರುಗಾಲಿನಲ್ಲಿ ಕೂತ. ಮಂಡಿಗಳು ಲಟಲಟ ಎಂದವು.

"ಅದೇನೋ ಗೌಡಾ, ಕೀಲು ಕಿತ್ತು ಬಂತಾ?" ಎಂದ ಬಿನು.

ಮೊದಲ ಎರಡು ಚೆಂಡು ಮೈ ಬಿಸಿಗೆ. ಮೂರನೆಯದಕ್ಕೆ ಮಣಿಕಂಠನ್ ಹಿಂದಿನಂತೆ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು ತೋಳನ್ನು ಎತ್ತಿದ. ತೋಳು ಕಿವಿಯ ಪಕ್ಕಕ್ಕೆ ಬಂದು, ಅಲ್ಲಿಂದ ಸುತ್ತು ಪೂರ್ತಿ ಮಾಡದೆ, ಮೊಣಕೈ ಮಡಚಿ ಒಳದಾರಿ ಹಿಡಿದು ಕೆಳಗಿಳಿಯಿತು. ಚೆಂಡು ಬಂತು. ಹಿಂದೆ ಆ ಚೆಂಡು ಗ್ಲೌಸಿನೊಳಗೆ ಬಿದ್ದರೆ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಊಟಕ್ಕೆ ಕೂತಾಗ ಅನ್ನ ಕಲೆಸಲು ಕಷ್ಟವಾಗುತ್ತಿತ್ತು. ಈಗ ಯಾರೋ ಪಕ್ಕದ ಮನೆಯಿಂದ ಲಿಂಬೆಹಣ್ಣು ಎಸೆದುಕೊಟ್ಟ ಹಾಗೆ ಬಂದು ಕೂತಿತು. ಪ್ರಜಿತ್‌ಗೆ ಆ ಚೆಂಡಿನಲ್ಲೇ ವಿಷಯ ತಿಳಿದುಹೋಯಿತು.

ತಿಳಿದವನು ಏನು ಮಾಡಿದ? ಎದ್ದು ನಿಲ್ಲಲಿಲ್ಲ. ಮುಂದಿನ ಚೆಂಡನ್ನು ಅಂಗೈಗೆ ತೆಗೆದುಕೊಳ್ಳದೆ, ಗ್ಲೌಸನ್ನು ತುಸು ಮುಂದಕ್ಕೆ ತಳ್ಳಿ ಹೆಬ್ಬೆರಳಿನ ಪಕ್ಕದ ಚರ್ಮದ ಬಲೆಯಲ್ಲಿ ಹಿಡಿದ. ಹಾಗೆ ಹಿಡಿದರೆ ಮೆಲ್ಲನೆ ಬಂದ ಚೆಂಡೂ ಚಟಾರ್ ಎನ್ನುತ್ತದೆ. ಹಿಡಿಯುವವರಿಗೆ ಮಾತ್ರ ಗೊತ್ತಿರುವ ಉಪಾಯ ಅದು. ಮಣಿಕಂಠನ್‌ನ ಮುಖ ಆ ಸದ್ದಿಗೆ ಸ್ವಲ್ಪ ಅರಳಿತು. ಬಾಯಿಂದ ಸುಳ್ಳು ಹೇಳುತ್ತಿದ್ದವನು ಈಗ ಗ್ಲೌಸಿನಿಂದಲೂ ಹೇಳತೊಡಗಿದ.

"ಒಳಗೆ ಬಿಡು!" ಎಂದು ಕೂಗಿದ. ಒಳಗೆ ಬರಲಿಲ್ಲ. "ಮಂಡಿಗೆ ಬಿಡು!" ಮಂಡಿಗೂ ಬರಲಿಲ್ಲ. ಬಿನು ಶಾಲೆಯ ಎರಡು ವರ್ಷದಲ್ಲಿ ಅಭ್ಯಾಸದ ಹೊತ್ತಿನಲ್ಲಿ ಮಣಿಕಂಠನ್‌ನ ಚೆಂಡಿಗೆ ಬ್ಯಾಟ್ ತಾಗಿಸಿದ್ದೇ ಇರಲಿಲ್ಲ. ಈಗ ಒಂದನ್ನು ಮೆಣಸಿನ ಬಳ್ಳಿಗೆ ಹೊಡೆದ, ಒಂದನ್ನು ಕೋಳಿಗೂಡಿಗೆ ಹೊಡೆದ, ಹೊಡೆದು ತಾನೇ ಬೆರಗಾದ. ಪ್ರತಿ ಸಲ ಚೆಂಡು ತರಲು ಮಣಿಕಂಠನ್ ಓಡಿದ. ತಂದು, ಬೆವರು ಒರೆಸಿಕೊಂಡು, ಮತ್ತೆ ಅದೇ ಜಾಗದಲ್ಲಿ ನಿಂತ. ಪ್ರತಿ ಚೆಂಡಿಗೂ ತೋಳು ಇನ್ನೊಂದು ಬೆರಳಿನಷ್ಟು ಕೆಳಗಿಳಿಯುತ್ತಿತ್ತು. ಹದಿನೈದಾಯಿತು, ಇಪ್ಪತ್ತಾಯಿತು. ಮುಂದಿನದು ಸರಿಯಾಗಿ ಬಂದೀತು ಎಂದು ಪ್ರಜಿತ್ ಕಾಯುತ್ತ ಕೂತಿದ್ದ. ಬರಲಿಲ್ಲ. ಹಿಂದೆ ಕೂತವನು ಹಿಡಿಯಬಲ್ಲನೇ ಹೊರತು ಎಸೆದುಕೊಡಲಾರ.

ಮೂವತ್ತಕ್ಕೆ ಮಣಿಕಂಠನ್ ತಾನಾಗಿ ನಿಲ್ಲಿಸಿದ.

ಬಿನು ಬ್ಯಾಟನ್ನು ಹೆಗಲಿಗೇರಿಸಿದ. "ಎಡಾ ಮಣೀ, ಅದೇ ಹಳೇ ಚೆಂಡು ಕಣೋ! ಒಂದಿಷ್ಟೂ ಕಮ್ಮಿಯಾಗಿಲ್ಲ. ನಾನು ಹೊಡೆಯೋದು ಕಲ್ತಿದ್ದೀನಿ, ಅಷ್ಟೆ!" ಅವನಿಗೆ ಬುಧವಾರದ ವಿಷಯ ಗೊತ್ತಿಲ್ಲ, ಖುಷಿಯಾಗಿದ್ದ. ಮುಂದಿನ ಭಾನುವಾರವೂ ಆಡೋಣ ಎಂದು ಹೇಳಿ, ಬಾಡಿಗೆಗೆ ಫೋನ್ ಬಂದದ್ದಕ್ಕೆ ಆಟೋ ತಿರುಗಿಸಿಕೊಂಡು ಹೋದ.

ಮಣಿಕಂಠನ್ ಕಣದ ಕಟ್ಟೆಯ ಮೇಲೆ ಕೂತ. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ, ಬೇರೆ ಯಾರದೋ ವಸ್ತು ಇಟ್ಟುಕೊಂಡ ಹಾಗೆ. ಶ್ಯಾಮಳ ನೀರು ತಂದುಕೊಟ್ಟು, ಕಾಫಿಯನ್ನು ಮತ್ತೆ ನಡುವಿಗೆ ಎಳೆಯತೊಡಗಿದಳು. ಓಣಿ ಮುಚ್ಚಿಹೋಯಿತು. ಪ್ರಜಿತ್ ಕಿಟ್ ತುಂಬುತ್ತ, ತುಂಬಿದ್ದನ್ನು ತೆಗೆದು ಮತ್ತೆ ತುಂಬುತ್ತ, ಹೊತ್ತು ಕಳೆದ. ಒಂದು ಗಂಟೆಗೆ ಟೀಚರಿಗೆ ಮುಟ್ಟಿಸಬೇಕಿತ್ತು. ಇವನನ್ನು ಬಸ್ಸಿಗೆ ಬಿಟ್ಟು ಹೋಗಬಹುದು. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಏನೂ ಹೇಳದೆ ತಪ್ಪಿಸಿಕೊಳ್ಳಬಹುದು.

"ಏನಂತೀಯ?" ಎಂದ ಮಣಿಕಂಠನ್.

ಶರಿ ಇದೆ ಎಂಬ ಮಾತು ಪ್ರಜಿತ್‌ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅದನ್ನು ಹುಡುಕಬೇಕಾಗಿಯೇ ಇರಲಿಲ್ಲ.

"ಬೇಡ," ಎಂದ.

ಶ್ಯಾಮಳಳ ಹಲಗೆ ನಿಂತಿತು.

"ಏನು ಬೇಡ?"

"ಬುಧವಾರ ಹೋಗ್ಬೇಡ. ಭುಜ ತಿರುಗ್ತಾ ಇಲ್ಲ. ಮೂವತ್ತಕ್ಕೇ ಕೈ ಬಿದ್ದುಹೋಯ್ತು, ನೂರು ಎಸೆಯೋಕಾಗಲ್ಲ ನಿಂಗೆ." ಪ್ರಜಿತ್ ಕಿಟ್ಟಿನ ಚೀಲದ ದಾರದ ಕಡೆ ನೋಡುತ್ತ ಮಾತಾಡುತ್ತಿದ್ದ.

"ಬಿನು ಹಳೇ ಚೆಂಡೇ ಅಂದ."

"ಬಿನು ಹೊಡೆದ. ಆವತ್ತು ಹೊಡೆದಿದ್ನಾ?"

"ಗ್ಲೌಸಿನ ಸದ್ದು ನಂಗೆ ಅಲ್ಲಿಗೆ ಕೇಳ್ತಿತ್ತು."

"ಅದು ನಾನು ಮಾಡಿದ್ದು."

ಮೊದಲೇ ಗೊತ್ತಿದ್ದರೆ ಮೂವತ್ತು ಯಾಕೆ ಎಸೆಸಿದೆ ಎಂದು ಮಣಿಕಂಠನ್ ಕೇಳಬಹುದಿತ್ತು, ಕೇಳಲಿಲ್ಲ. ಪ್ರಜಿತ್‌ಗೆ ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ ಕೇಳಿದವನಿಗೆ ಬೇಕಾದ ಉತ್ತರ ಸಿಗುತ್ತದೆ ಎಂಬುದು ಪೇಟೆಗೆಲ್ಲ ಗೊತ್ತಿದ್ದ ಸಂಗತಿ. ಶಾಲೆಯ ದಿನದಿಂದಲೂ ಗೆಳೆಯನಾದವನಿಗೆ ಗೊತ್ತಿರದೆ ಇರುತ್ತದೆಯೇ? ಅವನು ಎದ್ದು ಬಂದು ಪ್ರಜಿತ್‌ನ ಎದುರಿಗೆ ನಿಂತ.

"ಇನ್ನೊಂದ್ಸಲ ಹೇಳು," ಎಂದ.

ಪ್ರಜಿತ್ ಚೀಲದ ದಾರವನ್ನು ಬಿಟ್ಟು ತಲೆ ಎತ್ತಿದ.

"ಹೋಗ್ಬೇಡ ಮಣೀ," ಎಂದ. ಹೇಳಿದ ಮೇಲೂ ಆ ಮುಖದಿಂದ ಕಣ್ಣು ಕೀಳಲಿಲ್ಲ.